ಸೊಂಟಕ್ಕೆ ಬಂದು ಸೇರಿದ ಸೀಸ

ಭೂತಪ್ರೇತದ ಮಾತು ಬಂದರೆ ಮೊದಲು ನಗುತ್ತಿದ್ದವನು ನಾನೇ. ಮಂಗಳೂರಿನ ಜೆಪ್ಪುವಿನ ನಮ್ಮ ಮನೆಯಲ್ಲಿ ಅಮ್ಮ, ಯಾರೋ ಮುಸ್ಸಂಜೆಯಲ್ಲಿ ಏನನ್ನೋ ಕಂಡರಂತೆ ಎಂದು ಶುರುಮಾಡಿದರೆ ಸಾಕು, ಅದನ್ನು ಊಟಕ್ಕೆ ಕರೆಯಲಿಲ್ಲವೇ ಎಂದು ಕೀಟಲೆ ಮಾಡಿ ಬೈಸಿಕೊಳ್ಳುತ್ತಿದ್ದೆ. ನೀರಿನ ಅಡಿಯಲ್ಲಿ ಹೊಟ್ಟೆಪಾಡು ನಡೆಸುವವನಿಗೆ ಅಂಥ ಭಯವಿದ್ದರೆ ಆಗುವುದೂ ಇಲ್ಲ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ರಾತ್ರಿಯಲ್ಲಲ್ಲ, ಬೆಳಗ್ಗೆ ಹತ್ತೂವರೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ.

ಅರವತ್ತರ ದಶಕದ ನಡುಭಾಗ. ನಾನು ಕೊಚ್ಚಿಯಲ್ಲಿ ಮುಳುಗುವ ಕೆಲಸ ಕಲಿತು ಬಂದು ಮಂಗಳೂರು ಬಂದರಿನಲ್ಲಿ ಒಬ್ಬ ಕಂತ್ರಾಟುದಾರರ ಬಳಿ ಇದ್ದೆ. ಮಳೆಗಾಲ ಮುಗಿದ ಹೊಸತರಲ್ಲಿ, ಅಕ್ಕಿ ಮತ್ತು ಒಣಮೆಣಸು ಹೇರಿಕೊಂಡು ದ್ವೀಪಗಳ ಕಡೆಗೆ ಹೊರಟ ಮಂಜಿಯೊಂದು ಹೊಳೆ ಕಡಲು ಸೇರುವ ಅಳಿವೆಯ ಮರಳ ದಿಣ್ಣೆಗೆ ತಾಗಿ, ಒಡೆದು, ಸ್ವಲ್ಪ ಹೊರಗೆ ಹೋಗಿ ಮುಳುಗಿತು. ಮಂಜಿ ಎಂದರೆ ನಮ್ಮ ಕಡೆಯ ಸರಕಿನ ಹಾಯಿಹಡಗು. ಮೂವರು ಖಲಾಸಿಗಳು ಹೋದರು. ಇಬ್ಬರ ಹೆಣ ಬೆಂಗ್ರೆಯ ದಡಕ್ಕೆ ಬಂತು. ಮೂರನೆಯವನು ಉಮ್ಮರ. ಅವನು ಬರಲಿಲ್ಲ.

ಉಮ್ಮರ ನನಗೆ ಹೊರಗಿನವನಲ್ಲ. ಮಂಜಿಗೆ ಸೇರುವ ಮೊದಲು ಎರಡು ವರ್ಷ, ನಾನು ಮುಳುಗಿದಾಗಲೆಲ್ಲ ದೋಣಿಯಲ್ಲಿ ಕೂತು ನನ್ನ ಹಗ್ಗ ಹಿಡಿದವನು ಅವನೇ. ಮುಳುಗುವವನು ತೇಲದಿರಲಿ ಎಂದು ಸೊಂಟದ ಪಟ್ಟಿಗೆ ಸೀಸದ ತುಂಡುಗಳನ್ನು ಕೊಕ್ಕೆಯಿಂದ ಸಿಕ್ಕಿಸುತ್ತಾರೆ. ಉಮ್ಮರ ಒಂದೊಂದು ತುಂಡನ್ನೂ ಸಿಕ್ಕಿಸಿ, ಬೆನ್ನಿನ ಕಡೆಗೆ ಸರಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡುತ್ತಿದ್ದ. ನಾನೇನು ಗಾಡಿಯ ಎತ್ತೇ ಮಾರಾಯ, ಸಾಕು ಎಂದು ನಾನು ರೇಗುತ್ತಿದ್ದೆ.

ಅವನ ಅಣ್ಣ ಅದ್ರಾಮಾಕ ಬಂದರಿನಲ್ಲೇ ಸಣ್ಣ ವ್ಯಾಪಾರ ಮಾಡಿಕೊಂಡಿದ್ದವರು. ಮಂಜಿಯನ್ನು ತೆಗೆಯುವ ಕೆಲಸ ನಮ್ಮ ಕಂತ್ರಾಟುದಾರರಿಗೆ ಬಂದ ದಿನವೇ ಅಂಗಡಿಗೆ ಬೀಗ ಹಾಕಿ ನನ್ನಲ್ಲಿಗೆ ಬಂದರು. ತಮ್ಮನು ಮಂಜಿಯ ಹೊಟ್ಟೆಯೊಳಗೇ ಇದ್ದಾನೆ, ಮೂಟೆ ಕಟ್ಟಲು ಕೆಳಗೆ ಇಳಿದಿದ್ದನಂತೆ ಎಂದರು. ನನ್ನ ಹಗ್ಗವನ್ನು ತಾವೇ ಹಿಡಿಯುತ್ತೇನೆಂದು ಹಟ ಮಾಡಿದರು.

"ನನಗೆ ಬೇರೆಂತ ಬೇಡ. ಅವನನ್ನು ಮಣ್ಣು ಮಾಡಬೇಕು. ಉಮ್ಮ ಊಟ ಬಿಟ್ಟು ಕೂತಿದ್ದಾರೆ" ಎಂದರು. ಉಮ್ಮ ಎಂದರೆ ಅವರ ತಾಯಿ.

ತಂದೇ ತರುತ್ತೇನೆ ಎಂದು ನಾನು ಮಾತು ಕೊಟ್ಟೆ. ಕೊಡಬಾರದಿತ್ತು.

ಮೊದಲ ದಿನ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಎಂದಿನ ವೆಟ್‌ಸೂಟ್ ಹಾಕಿ ಇಳಿದೆ. ಅದು ಸ್ಪಂಜಿನಂಥ ರಬ್ಬರಿನ ಅಂಗಿ, ಒಳಗೆ ನೀರು ಬರುತ್ತದೆ. ಬಂದದ್ದು ಬರಿಯ ನೀರಲ್ಲ, ಕೊಳೆತ ಒಣಮೆಣಸಿನ ಸಾರು. ಐದು ನಿಮಿಷಕ್ಕೆ ಮೈಯೆಲ್ಲ ಉರಿ ಹತ್ತಿ, ಮೇಲೆ ಬಂದು ದೋಣಿಯಲ್ಲಿ ಕುಣಿದೆ. ಆ ದುಃಖದಲ್ಲೂ ಅದ್ರಾಮಾಕ ನಕ್ಕುಬಿಟ್ಟರು. ಕಂತ್ರಾಟುದಾರರು ಬೊಂಬಾಯಿಯಿಂದ ಒಂದು ಡ್ರೈಸೂಟ್ ತರಿಸಿದರು. ತೆಳು ರಬ್ಬರು, ನೀರು ಒಳಗೆ ಹೋಗುವುದಿಲ್ಲ, ಒಳಗಡೆ ಉಣ್ಣೆಯ ಬಟ್ಟೆ ಹಾಕಬೇಕು. ಉಣ್ಣೆಯ ತುಂಬ ಗಾಳಿ ಇರುವುದರಿಂದ ಇದಕ್ಕೆ ಸೀಸ ಹೆಚ್ಚು ಬೇಕು. ವೆಟ್‌ಸೂಟಿನ ಹತ್ತು ತುಂಡು ಕಟ್ಟಿ, ದೋಣಿಗಳು ನಿಲ್ಲುವ ದಕ್ಕೆಯ ಬಳಿ ನೀರಿಗಿಳಿದರೆ ಖಾಲಿ ಡಬ್ಬಿಯ ಹಾಗೆ ತೇಲಿದೆ. ಒಂದೊಂದೇ ಸೇರಿಸುತ್ತ ಹೋಗಿ, ಹದಿನಾರಕ್ಕೆ ನೀರು ಕಣ್ಣಿನ ಮಟ್ಟಕ್ಕೆ ಬಂತು. ಉಸಿರು ಬಿಟ್ಟರೆ ಮುಳುಗಿದೆ. ಲೆಕ್ಕ ಸರಿಯಾಯಿತು ಎಂದುಕೊಂಡೆ.

ಸರಿಯಾಗಿರಲಿಲ್ಲ. ದಕ್ಕೆಯ ನೀರು ಹೊಳೆಯ ನೀರು, ಮಳೆಗಾಲ ಕಳೆದ ಮೇಲಂತೂ ಕುಡಿಯುವಷ್ಟು ಸಿಹಿ. ಮಂಜಿ ಬಿದ್ದಿದ್ದದ್ದು ಅಳಿವೆಯ ಹೊರಗೆ, ಉಪ್ಪುನೀರಿನಲ್ಲಿ. ಉಪ್ಪುನೀರು ಮನುಷ್ಯನನ್ನು ಮೇಲಕ್ಕೆ ಎತ್ತುತ್ತದೆ ಎಂಬುದು ಎಂಥ ದಡ್ಡನಿಗೂ ಗೊತ್ತು. ಹೊಸ ಸೂಟಿನ ಸಂಭ್ರಮದಲ್ಲಿ ನಾನು ಮರೆತೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಹಗ್ಗವನ್ನು ಎದೆಗೆ ಕಟ್ಟಬೇಕು. ರಬ್ಬರು ಹರಿದೀತೆಂದು ಹೆದರಿ ಸೀಸದ ಪಟ್ಟಿಗೇ ಕಟ್ಟಿಕೊಂಡೆ. ಅದ್ರಾಮಾಕ ಒಮ್ಮೆ ಜಗ್ಗಿದರೆ ಕ್ಷೇಮವೇ ಎಂದು ಕೇಳಿದಂತೆ, ಉತ್ತರವಾಗಿ ನಾನು ಒಮ್ಮೆ ಜಗ್ಗಿದರೆ ಕ್ಷೇಮ ಎಂದಂತೆ. ಮೂರು ಸಲ ಜಗ್ಗಿದರೆ ಮೇಲಕ್ಕೆ ಎಳೆಯಬೇಕು.

ಮಂಜಿ ನಾಲ್ಕು ಮಾರು ಆಳದಲ್ಲಿ ನೆಟ್ಟಗೆ ಕೂತಿತ್ತು. ಅದರ ಮುರಿದ ಕಂಬ ಹಿಡಿದು, ತೇಲುವ ಮೈಯನ್ನು ಕಷ್ಟದಿಂದ ಕೆಳಕ್ಕೆ ಎಳೆದುಕೊಂಡು, ಬಾಯಿತೆರೆದ ಕಿಂಡಿಯಿಂದ ಒಳಗೆ ನುಗ್ಗಿದೆ. ನೀರಿನ ಒತ್ತಡಕ್ಕೆ ರಬ್ಬರು ಮೈಯನ್ನು ಚಿವುಟುತ್ತಿತ್ತು. ಮೂಗಿನಿಂದ ಉಸಿರು ಬಿಟ್ಟು, ಮುಖವಾಡದ ಅಂಚಿನಿಂದ ಸೂಟಿನೊಳಗೆ ಸ್ವಲ್ಪ ಗಾಳಿ ಸೇರಿಸಿದೆ. ಮೂಟೆಗಳ ಸಂದಿಯಲ್ಲಿ ನೋಡಲೆಂದು ತಲೆ ಬಗ್ಗಿಸಿದ್ದೇ ತಡ, ಆ ಗಾಳಿಯೆಲ್ಲ ಕಾಲಿಗೆ ಹೋಯಿತು. ಕಾಲು ಮೇಲಾಗಿ, ತಲೆ ಕೆಳಗಾಗಿ, ಹೋಗಿ ಡೆಕ್ಕಿನ ಹಲಗೆಗೆ ಒಳಗಿನಿಂದ ಅಂಟಿಕೊಂಡೆ. ಕೈಯ ದೀಪ ಬಿದ್ದುಹೋಯಿತು.

ಕತ್ತಲು ಎಂದರೆ ಕತ್ತಲು. ಕೈಗೆ ಹಿಡಿಯಲು ಏನೂ ಸಿಗದು, ಕಿಂಡಿ ಯಾವ ಕಡೆಗೆ ಎಂದು ತಿಳಿಯದು. ಪಟ್ಟಿಯ ಹಗ್ಗ ಬೆನ್ನಿನ ಕಡೆಗೆ ಸರಿದಿತ್ತು, ತಡಕಾಡಿದರೆ ಕೈಗೆಟುಕಲಿಲ್ಲ. ನನಗೆ ಮದುವೆಯಾಗಿ ಐದು ತಿಂಗಳಾಗಿತ್ತು, ಅವಳ ಮುಖ ನೆನಪಿಗೆ ಬಂತು. ಇಲ್ಲೇ ಮುಗಿಯಿತು ಎಂದುಕೊಂಡೆ.

ಆಗ ಸೊಂಟದಲ್ಲಿ ಏನೋ ತೂಗಿತು. ಒಂದು ತುಂಡು ಸೀಸದಷ್ಟು ಭಾರ. ಅದು ಬೆನ್ನಿನ ಕಡೆಗೆ ಸರಿಯಿತು. ಮೇಲಿನಿಂದ ಒಂದು ಅಂಗೈ ಗಟ್ಟಿಯಾಗಿ ಒತ್ತಿತು.

ಮತ್ತೆ ಒಂದು. ಮತ್ತೆ ಒತ್ತಿತು. ನನ್ನ ಮೈ ನಿಧಾನವಾಗಿ ನೇರವಾಯಿತು, ಕಾಲು ಕೆಳಗೆ ಬಂತು, ಮೂಟೆಗಳ ಮೇಲೆ ನಿಂತೆ. ದೂರದಲ್ಲಿ ಕಿಂಡಿಯ ಹಸಿರು ಬೆಳಕು ಕಂಡಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಹೆದರಿಕೆ ಆಗಲಿಲ್ಲ. ಬದುಕಿದೆ ಅನಿಸಿತು. ಯಾರು ಎಂದೂ ಗೊತ್ತಿತ್ತು.

ಆದರೆ ಅದು ನಿಲ್ಲಲಿಲ್ಲ. ಮೂರನೆಯದು ಬಂತು. ನಾಲ್ಕು, ಐದು. ಪ್ರತಿ ಸಲವೂ ಅದೇ ಅಂಗೈ, ಅದೇ ಒತ್ತು. ಕಾಲು ಮೂಟೆಗಳೊಳಗೆ ಹುಗಿಯತೊಡಗಿತು. ನಾನು ಮೊಣಕಾಲೂರಿ, ಹರಿದಾಡಿ, ಹೇಗೋ ಕಿಂಡಿಯ ಕೆಳಗೆ ಬಂದೆ. ಎದ್ದು ನಿಲ್ಲಲು ಆಗಲಿಲ್ಲ, ಅಷ್ಟು ಭಾರ. ಬೆನ್ನಿಗೆ ಇನ್ನೊಂದು ಬಂದು ಸೇರಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಪಟ್ಟಿಯ ಬಕಲು ಕಿತ್ತೆ. ಪಟ್ಟಿ ಬಿದ್ದೊಡನೆ ಬೂಚಿನಂತೆ ಮೇಲಕ್ಕೆ ಹಾರಿದೆ.

ದೋಣಿಯವರು ನನ್ನನ್ನು ಎಳೆದು ಹಾಕಿಕೊಂಡರು. ಅದ್ರಾಮಾಕ ಕೈಯಲ್ಲಿ ಹಗ್ಗ ಹಿಡಿದೇ ಇದ್ದರು. ಅವರಿಗೆ ಸಿಟ್ಟು ಬಂದಿತ್ತು. ಕೇಳಿದಾಗಲೆಲ್ಲ ಕ್ಷೇಮ ಎಂದು ಜಗ್ಗಿ ಈಗ ಹೀಗೆ ಎದ್ದು ಬರುವುದೇ ಎಂದು ಗದರಿದರು. ನಾನು ಒಮ್ಮೆಯೂ ಜಗ್ಗಿರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವರ ಕೈಯ ಹಗ್ಗ ಬಿಗಿಯಿತು. ಒಂದು. ಎರಡು. ಮೂರು.

ಅವರು ನನ್ನನ್ನು ನೋಡಿದರು. ಹಗ್ಗದ ಇನ್ನೊಂದು ತುದಿಯಲ್ಲಿರಬೇಕಾದವನು ಎದುರಿಗೆ ಕೂತಿದ್ದ. ಮತ್ತೆ ಜಗ್ಗಿತು, ಅದೇ ಮೂರು. ಅವರ ತುಟಿ ಅಲುಗಿತು. ಏನು ಹೇಳಿದರೋ ಕೇಳಿಸಲಿಲ್ಲ. ನಾನು ಕಾಲಿಗೆ ಕಟ್ಟಿದ್ದ ಚೂರಿ ತೆಗೆದು ಹಗ್ಗ ಕತ್ತರಿಸಿದೆ. ತುದಿ ಸರ್ರನೆ ನೀರಿಗೆ ಹೋಯಿತು.

ಅಲೆಯ ಎಳೆತ ಎಂದು ದೋಣಿಯವರು ಅಂದರು. ಇರಬಹುದು. ಪಟ್ಟಿಗೆ ಒದ್ದೆ ಮೂಟೆ ಸಿಕ್ಕಿಕೊಂಡಿರಬಹುದು, ಭಯದಲ್ಲಿ ನನಗೆ ಅಂಗೈ ಎಂದು ಅನಿಸಿರಬಹುದು. ಹಗ್ಗ ಕತ್ತರಿಸದೆ ಎಳೆದಿದ್ದರೆ ಪಟ್ಟಿಯಾದರೂ ಬರುತ್ತಿತ್ತು, ಸೀಸ ಹದಿನಾರಿದೆಯೋ ಹೆಚ್ಚಿದೆಯೋ ಎಣಿಸಬಹುದಿತ್ತು. ನಾನು ಮತ್ತೆ ಇಳಿಯಲು ಒಪ್ಪಲಿಲ್ಲ. ಕಂತ್ರಾಟುದಾರರು ಬೇರೆಯವರನ್ನು ಕರೆಸುವಷ್ಟರಲ್ಲಿ ಎರಡು ದಿನ ಗಾಳಿ ಎದ್ದು, ಮಂಜಿ ಒಡೆದು ಹಲಗೆ ಹಲಗೆಯಾಗಿ ಹೋಗಿತ್ತು. ಉಮ್ಮರ ಸಿಗಲಿಲ್ಲ. ನನ್ನ ಪಟ್ಟಿಯೂ ಸಿಗಲಿಲ್ಲ.

ಆಮೇಲೆ ಒಂದು ವರ್ಷ ಅದ್ರಾಮಾಕನ ಅಂಗಡಿಯ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಅವರ ಉಮ್ಮ ತೀರಿಕೊಂಡಾಗ ಮಾತ್ರ ಹೋಗಲೇಬೇಕಾಯಿತು. ಎಲ್ಲರೂ ಎದ್ದು ಹೋದ ಮೇಲೆ ನಾನು ಅವರ ಬಳಿ ಕೂತು, ಮಾತು ಕೊಟ್ಟವನು ನಾನು, ಹಗ್ಗ ಕತ್ತರಿಸಿದವನೂ ನಾನೇ, ಕ್ಷಮಿಸಿ ಎಂದೆ.

"ನೀನು ಚೂರಿ ತೆಗೆದದ್ದು ನಾನು ನೋಡಿದ್ದೆ" ಎಂದರು. "ನಿನ್ನ ಕೈ ಹಿಡಿಯಬಹುದಿತ್ತು. ನಾನು ಹಿಡಿಯಲಿಲ್ಲ."

ಕೆಳಗೆ ನನ್ನ ಸೊಂಟ ಮುಟ್ಟಿದ್ದು ನನ್ನನ್ನು ಉಳಿಸಲು ಬಂದದ್ದೋ ಇಟ್ಟುಕೊಳ್ಳಲು ಬಂದದ್ದೋ, ಅದು ನನಗೆ ಈವರೆಗೆ ತಿಳಿದಿಲ್ಲ.