ಭಾರ ಇಳಿಸಿದ್ರೆ ಓಡುತ್ತೆ

ಅರವತ್ತರ ದಶಕದಲ್ಲಿ ಸವಳಂಗ ರಸ್ತೆಯ ನಮ್ಮ ಮನೆಯೆದುರು ಗ್ಯಾರೇಜು ಇಟ್ಟಿದ್ದ ಸಾಹೇಬರು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಒಳಗಿನ ಸದ್ದು ಆಲಿಸುತ್ತಿದ್ದರು. ವೇಗ ಬೇಕೆಂದವರಿಗೆಲ್ಲ ಒಂದೇ ಮಾತು: "ಭಾರ ಇಳಿಸಿದ್ರೆ ಓಡುತ್ತೆ."

ಭದ್ರಾವತಿಯ ಇಂಜಿನಿಯರೊಬ್ಬರು ರೇಸಿಗೆಂದು ತಮ್ಮ ಕಾರನ್ನು ಅವರಲ್ಲಿ ಬಿಟ್ಟುಹೋದರು. ಸಾಹೇಬರು ಹಿಂದಿನ ಸೀಟು, ಬಂಪರು, ಬಾಗಿಲು ಎಲ್ಲ ಕಳಚಿಟ್ಟರು. ಉಳಿದ ತಗಡಿಗೂ ಸಾಲಾಗಿ ತೂತು ಕೊರೆದರು.

ವಾರ ಬಿಟ್ಟು ಬಂದ ಇಂಜಿನಿಯರು ಕೂಗಾಡಿದರು. "ಕಾರು ಕೊಟ್ರೆ ಜರಡಿ ಮಾಡಿದ್ದೀಯಲ್ಲೋ! ಏನು ಓದಿದ್ದೀಯ ನೀನು?"

"ಓದಿಲ್ಲ ಸಾರ್. ಓಡ್ಸಿ ನೋಡಿ."

ಅವರು ಒಂದು ಸುತ್ತು ಹೋಗಿಬಂದು, ಸೀಟಿನಲ್ಲೇ ಕೂತು ಮುಖ ಸಿಂಡರಿಸಿದರು. "ಈ ಸ್ಪೀಡು ಸಾಲ್ದು."

ಸಾಹೇಬರು ಅವರ ಹೊಟ್ಟೆಯನ್ನೊಮ್ಮೆ ನೋಡಿ, ನಿಧಾನವಾಗಿ ಕೈ ಒರೆಸಿಕೊಂಡರು.

"ಇನ್ನು ಭಾರ ಅಂತ ಉಳಿದಿರೋದು ನೀವೊಬ್ರೇ ಸಾರ್. ಇಳೀರಿ, ರೇಸಿಗೆ ನಾನು ಹೋಗ್ತೀನಿ."