ಹನ್ನೊಂದನೇ ಗುಂಡಿ

ವೈರು ಕತ್ತರಿಸಿ, ಬಲ್ಬು ಕಿತ್ತು, ಮೇಲಾಗಿ ಊರಿಗೆ ಊರೇ ಕರೆಂಟಿಲ್ಲದೆ ಕೂತಿದ್ದಾಗ ಒಂದು ದೀಪ ಹತ್ತಿತು ಅಂದರೆ ನೀವು ನಂಬುತ್ತೀರಾ? ನಂಬಬೇಡಿ. ನಾನೂ ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಮೈಮೇಲೆ ದೆವ್ವ ಬಂದಿದೆ ಅಂತ ಪರೀಕ್ಷೆ ತಪ್ಪಿಸಲು ನೋಡಿದ ಹುಡುಗಿಗೆ, ದೆವ್ವಕ್ಕೂ ಸೇರಿಸಿ ಎರಡು ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದ್ದೆ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒತ್ತಕ್ಷರ ಬಂದಾಗಲೆಲ್ಲ ಬೆರಳು ಜಾರುತ್ತದೆ, ತಿದ್ದಿಕೊಂಡು ಓದಿ.

ಎಂಬತ್ತರ ದಶಕದ ಮಾತಿದು. ಹೊಸಪೇಟೆಯಲ್ಲಿ ನಮ್ಮ ಶಾಲೆಯ ಹಿಂದೆ ಎರಡು ಕೋಣೆಯ ಒಂದು ವಿಜ್ಞಾನ ಸಂಗ್ರಹಾಲಯವಿತ್ತು. ಎಡಗೈ ಇಲ್ಲದ ಒಂದು ಅಸ್ಥಿಪಂಜರ, ಬಾಟಲಿಯೊಳಗೆ ಬಿಳಿಚಿಕೊಂಡ ಹಾವುಗಳು, ಸಂಡೂರಿನ ಅದಿರಿನ ಕಲ್ಲು. ಒಳಕೋಣೆಯ ನಡುವೆ, ಎರಡು ಮಂಚದಷ್ಟು ಅಗಲದ ಡ್ಯಾಮಿನ ಮಾದರಿ. ಗುಡ್ಡ, ನದಿ, ಕಾಲುವೆ ಎಲ್ಲ ಪ್ಲಾಸ್ಟರಿನಲ್ಲಿ ಮಾಡಿದ್ದು. ಮುಂದಿನ ಹಲಗೆಯಲ್ಲಿ ಹನ್ನೊಂದು ಗುಂಡಿಗಳು. ಕಂಪ್ಲಿಯ ಗುಂಡಿ ಒತ್ತಿದರೆ ಮಾದರಿಯಲ್ಲಿ ಕಂಪ್ಲಿ ಇರುವ ಕಡೆ ಪುಟ್ಟ ಕೆಂಪು ಬಲ್ಬು ಹತ್ತುತ್ತಿತ್ತು. ಹಂಪಿಯದು ಒತ್ತಿದರೆ ಹಂಪಿಯಲ್ಲಿ. ಹನ್ನೊಂದನೆಯದಕ್ಕೆ ಮಾತ್ರ ಹೆಸರಿರಲಿಲ್ಲ. ಅದನ್ನು ಒತ್ತಿದರೆ ಜಲಾಶಯದ ನೀಲಿ ಬಣ್ಣದ ನಡುವೆ, ನೀರಿನೊಳಗೆ, ಬಲ್ಬು ಹತ್ತುತ್ತಿತ್ತು.

ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು. ಎಲ್ಲವನ್ನೂ ಹೊಸದಾಗಿ ಜೋಡಿಸುವ ಕೆಲಸವನ್ನು ಹೆಡ್‌ಮಾಸ್ತರು ನನಗೆ ಒಪ್ಪಿಸಿದರು. ಹುರುಪಿನ ವಯಸ್ಸು ನನ್ನದು. ಹೊರಕೋಣೆಗೆ ಸುಣ್ಣ ಹೊಡೆಸಿದೆ. ಒಳಕೋಣೆಯನ್ನು ಬೆಳಕಿನ ಪ್ರಯೋಗಗಳಿಗೂ ಬಳಸೋಣವೆಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆ. ಮಾದರಿಯ ಪಕ್ಕಕ್ಕೆ ನಾನೇ ಒಂದು ಫಲಕ ಬರೆದೆ. ‘ಅಣೆಕಟ್ಟಿಗೆ ಮೊದಲು ಇದೆಲ್ಲ ಬರಡು ನೆಲವಾಗಿತ್ತು’ ಎಂಬುದು ಅದರ ಮೊದಲ ಸಾಲು. ಕಂಪ್ಲಿ ಕಡೆಯ ಭತ್ತ, ಕಬ್ಬು ನೋಡಿದವರು ಯಾರಾದರೂ ಹಾಗೇ ಬರೆಯುತ್ತಿದ್ದರು ಅಂತ ಆಗ ನನಗೆ ನಾನೇ ಹೇಳಿಕೊಂಡೆ.

ಸಂಗ್ರಹಾಲಯದ ಅಟೆಂಡರ್ ಹುಲಿಗೆಪ್ಪ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಮಾತು ಕಡಿಮೆ. ಆ ಮಾದರಿಗೆ ಮೊದಲು ವೈರು ಎಳೆದವರು ಅವರೇ. ಹೆಸರಿಲ್ಲದ ಗುಂಡಿ ಯಾಕೆ, ನೀರಲ್ಲಿ ಯಾವ ಊರು ಅಂತ ನಾನು ನಕ್ಕೆ. ‘ಅದೊಂದ್ ಇರ್ಲಿ ಬಿಡ್ರಿ ಟೀಚರ್, ಯಾರಿಗೂ ಅಡ್ಡ ಬರಂಗಿಲ್ಲ’ ಅಂದರು. ಯಾಕೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಇಕ್ಕಳ ತಗೊಂಡು ಆ ಬಲ್ಬನ್ನು ಕಿತ್ತು ನನ್ನ ಕೈಚೀಲಕ್ಕೆ ಹಾಕಿಕೊಂಡೆ, ಕೆಳಗಿನ ವೈರು ಕತ್ತರಿಸಿದೆ. ಬಲ್ಬು ಇದ್ದ ಕಡೆ ಬೆರಳು ಹೋಗುವಷ್ಟು ತೂತು ಉಳಿಯಿತು. ‘ಆ ಗುಂಡಿ ಮುಚ್ಚಿಬಿಡ್ರಿ ಹುಲಿಗೆಪ್ಪ’ ಅಂದೆ.

ಅವರು ಪ್ಲಾಸ್ಟರು ಕಲಸುತ್ತ, ತಲೆ ಎತ್ತದೆ, ‘ಒಮ್ಮೆ ಮುಚ್ಚೀವ್ರಿ ಅದನ್ನ’ ಅಂದರು. ಏನೋ ಗೊಣಗುತ್ತಾರೆ ಅಂದುಕೊಂಡೆ. ಅವರು ಮುಚ್ಚಿದರು. ನಾನು ಮೇಲೆ ಎರಡು ಕೈ ನೀಲಿ ಬಣ್ಣ ಬಳಿದೆ. ಹಲಗೆಯ ಮೇಲಿನ ಹನ್ನೊಂದನೇ ಗುಂಡಿಯನ್ನು ಕೀಳಲು ಹೋದರೆ ಹಲಗೆ ಸೀಳುವಂತಿತ್ತು, ಹಾಗೇ ಬಿಟ್ಟೆ.

ಇದಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ, ಕಂಪ್ಲಿ ಬಸ್ಸಿಗೆ ಹುಲಿಗೆಪ್ಪನವರ ತಾಯಿ ಫಕೀರವ್ವ ಬಂದರು. ಮಗಳ ಮನೆಯಲ್ಲಿ ಇದ್ದವರು. ಕಣ್ಣು ಮಂಜಾಗಿತ್ತು, ಉಸಿರು ಎಳೆಯುತ್ತಿತ್ತು. ಹುಲಿಗೆಪ್ಪನವರು ಹೆಡ್‌ಮಾಸ್ತರರ ಕೆಲಸಕ್ಕೆ ಪೇಟೆಗೆ ಹೋಗಿದ್ದರು. ಡ್ಯಾಮಿನ ಊರಾದರೂ ದಿನಾ ಕರೆಂಟು ತೆಗೆಯುವ ಕಾಲ ಅದು; ಅವತ್ತು ಎರಡು ಗಂಟೆಗೇ ಹೋಗಿತ್ತು. ಮೋಡ ಕವಿದಿತ್ತು. ನಾನು ಅವರ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದೆ.

ಬಂದದ್ದು ಯಾಕೆ ಅಂತ ಅಲ್ಲಿ ಹೇಳಿದರು. ಅವರ ಊರು ಜಲಾಶಯದಲ್ಲಿ ಮುಳುಗಿತ್ತು. ಹೆಸರು ಇಲ್ಲಿ ಬರೆಯುವುದಿಲ್ಲ, ಆ ಊರಿನ ಜನ ಇನ್ನೂ ಅಲ್ಲಲ್ಲಿ ಇದ್ದಾರೆ. ಊರು ಬಿಡುವ ವರ್ಷ ಐದು ವರ್ಷದ ಕಿರಿಮಗಳು ಜ್ವರದಲ್ಲಿ ಹೋದಳು. ಬಾವಿಯ ಹತ್ತಿರ ಗುಂಡಿ ತೋಡಿ ಮಣ್ಣು ಮಾಡಿದವನು ಅಣ್ಣ ಹುಲಿಗೆಪ್ಪ. ಬಂಡಿ ಹೊರಡುವ ದಿನ ತಾಯಿ ಅಲ್ಲೊಂದು ಹಣತೆ ಹಚ್ಚಿಟ್ಟು ಬಂದರು. ‘ಆರ್ತೋ ಏನೋ, ಹೊಳ್ಳಿ ನೋಡ್ಲಿಲ್ಲವ್ವ’ ಅಂದರು. ಮಗ ಈ ಮಾದರಿಯಲ್ಲಿ ಆ ಜಾಗಕ್ಕೇ ದೀಪ ಇಟ್ಟಿದ್ದಾನಂತೆ, ಪ್ರಾಣ ಹೋಗುವುದರೊಳಗೆ ಒಮ್ಮೆ ನೋಡಬೇಕು ಅಂತ ಬಸ್ಸು ಹತ್ತಿ ಬಂದಿದ್ದರು. ನಾನು ಅದನ್ನು ಮುಚ್ಚಿಸಿದ್ದನ್ನು ಮಗ ತಾಯಿಗೆ ಹೇಳಿರಲಿಲ್ಲ.

ಅವರ ಕೈ ನನ್ನ ಫಲಕಕ್ಕೆ ತಾಗಿತು. ‘ಏನ್ ಬರ್ದೈತವ್ವ ಇಲ್ಲಿ?’ ಅಂದರು.

ಬರಡು ನೆಲ ಅಂತ ಓದಲು ನಾಲಿಗೆ ಏಳಲಿಲ್ಲ. ನಿಮ್ಮೂರಿನ ಹೆಸರು ಬರೆದಿದೆ ಅಂತ ಸುಳ್ಳು ಹೇಳಿದೆ. ಫಕೀರವ್ವನ ಮುಖ ಅರಳಿತು. ಬೆರಳು ಹಲಗೆಯ ಮೇಲೆ ಒಂದೊಂದೇ ಗುಂಡಿ ತಡವುತ್ತ ಕೊನೆಯದಕ್ಕೆ ಹೋಯಿತು. ಕರೆಂಟಿಲ್ಲ ಅಜ್ಜಿ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒತ್ತಿದರು.

ನೀಲಿ ಬಣ್ಣದ ಅಡಿಯಿಂದ ಬೆಳಕು ಬಂತು. ಕೆಂಪಲ್ಲ, ಹಳದಿ. ಬಲ್ಬಿನ ಹಾಗೆ ಸುಮ್ಮನೆ ನಿಂತಿರಲಿಲ್ಲ, ಗಾಳಿಗೆ ಸಿಕ್ಕಿದ್ದರ ಹಾಗೆ ಅಲುಗುತ್ತಿತ್ತು. ಆ ಕೋಣೆಯಲ್ಲಿ ಗಾಳಿಯಿರಲಿಲ್ಲ. ‘ಐತಿ’ ಅಂದರು ಫಕೀರವ್ವ, ಅಷ್ಟೇ. ಅವರು ಬೆರಳು ತೆಗೆಯುವವರೆಗೆ ಅದು ಇತ್ತು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ.

ಅವರು ಹೋದ ಮೇಲೆ ಒಬ್ಬಳೇ ಮತ್ತೆ ಒತ್ತಿದೆ. ಇಪ್ಪತ್ತು ಸಲ ಒತ್ತಿರಬಹುದು. ಏನೂ ಇಲ್ಲ. ಕೈವಾರದ ಮೊನೆಯಿಂದ ಪ್ಲಾಸ್ಟರು ಕೆದಕಿದೆ. ತಳದವರೆಗೆ ಒಣಗಿದ ಪ್ಲಾಸ್ಟರೇ. ಕೆಳಗೆ ಬಗ್ಗಿ ನೋಡಿದೆ, ವೈರು ಕತ್ತರಿಸಿದ ಹಾಗೇ ನೇತಾಡುತ್ತಿತ್ತು. ಬಲ್ಬು ನನ್ನ ಕೈಚೀಲದಲ್ಲಿತ್ತು. ಕಿಟಕಿಯ ಕಾಗದದಲ್ಲಿ ತೂತಿದೆಯೇನೋ, ಬಿಸಿಲು ಬಿತ್ತೇನೋ ಅಂತ ಬೆರಳಾಡಿಸಿ ಹುಡುಕಿದೆ. ತೂತಿರಲಿಲ್ಲ, ಬಿಸಿಲೂ ಇರಲಿಲ್ಲ. ಕರೆಂಟು ಬಂದಾಗ ಐದು ಗಂಟೆ ಆಗಿತ್ತು.

ಅವತ್ತೇ ಫಲಕದ ಮೊದಲ ಸಾಲು ಅಳಿಸಿ ಆ ಊರಿನ ಹೆಸರು ಬರೆದೆ. ಅಧಿಕಾರಿಯ ಮುಂದೆ ಇದೇನು ಅಂತ ಹೆಡ್‌ಮಾಸ್ತರು ಸಿಡುಕಿದರು, ನಾನು ಜಗ್ಗಲಿಲ್ಲ. ಫಕೀರವ್ವ ಮುಂದಿನ ಬೇಸಿಗೆ ದಾಟಲಿಲ್ಲ. ಮಣ್ಣಿಗೆ ಕಂಪ್ಲಿಗೆ ಹೋಗಿದ್ದೆ. ವಾಪಸು ಬಂದು ಬಲ್ಬನ್ನು ಹುಲಿಗೆಪ್ಪನವರ ಕೈಗೆ ಕೊಟ್ಟು, ತಪ್ಪಾಯಿತು, ಮತ್ತೆ ಹಾಕಿಬಿಡಿ ಅಂದೆ. ಅವರು ಬಲ್ಬನ್ನು ನೋಡಿದರು, ಬ್ಯಾಡ್ರಿ ಅಂತ ವಾಪಸು ಕೊಟ್ಟರು. ಅದು ಇವತ್ತಿಗೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ.

ಆಗ ತಡೆಯಲಾಗದೆ ಕೇಳಿಯೇಬಿಟ್ಟೆ. ಬಲ್ಬಿಲ್ಲ, ವೈರಿಲ್ಲ, ಎಲ್ಲ ಬಿಡಿ, ಅವತ್ತು ಕರೆಂಟೇ ಹೋಗಿತ್ತಲ್ಲ, ಅದು ಹೇಗೆ ಹತ್ತಿತು ಅಂತ. ಹುಲಿಗೆಪ್ಪ ಮೊದಲ ಸಲ ನನ್ನ ಮುಖ ನೇರವಾಗಿ ನೋಡಿದರು.

‘ಹೋಗಿದ್ದು ನಿಮ್ಮ ಡ್ಯಾಮಿನ ಕರೆಂಟ್ರಿ ಟೀಚರ್. ನಮ್ಮೂರಿಗೆ ಕರೆಂಟ್ ಬಂದಿದ್ದರ ಯಾವಾಗ್ರಿ, ಹೋಗಾಕ?’