ಬಸ್ಸಿನಲ್ಲಿ ತಿದ್ದಿಸಿಕೊಂಡ ಚಿತ್ರ

ಹಾವೇರಿಯಲ್ಲಿ ನಮಗೆ, ಡ್ರಾಯಿಂಗ್ ಮಾಸ್ತರರಿಗೆ, ತರಬೇತಿ ಇತ್ತು. ‘ಚಿತ್ರದಲ್ಲಿ ಯಾವ ವಸ್ತುವೂ ಕಾಣಬಾರದು, ಬಣ್ಣವಷ್ಟೇ ಇರಲಿ’ ಎಂದರು ಕಲಿಸಲು ಬಂದವರು. ಅಂಥ ಚಿತ್ರ ಕಂಡರೆ ಮೂಗು ಮುರಿಯುತ್ತಿದ್ದವ ನಾನು. ಇಪ್ಪತ್ತು ವರ್ಷದ ಚಟ ಕೈ ಬಿಡಬೇಕಲ್ಲ, ಕುಂಚ ಇಟ್ಟಲ್ಲೆಲ್ಲ ಮಾವಿನಹಣ್ಣೇ ಆಗುತ್ತಿತ್ತು. ನಾಲ್ಕು ಹಾಳೆ ಕೆಡಿಸಿ, ಸಾಕಾಗಿ, ಐದನೆಯದರ ತುಂಬ ದಪ್ಪಗೆ ಕೆಂಪು ಬಳಿದು, ಮೂಲೆಗಿಷ್ಟು ತಿಳಿಹಳದಿ ಹಚ್ಚಿ ಎದ್ದುಬಂದೆ.

ಬಣ್ಣ ಹಸಿಯಿತ್ತು. ರಾಣೆಬೆನ್ನೂರು ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತೆ. ಬ್ಯಾಡಗಿಯಲ್ಲಿ, ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಆರಿಸುವ ಹೆಣ್ಣುಮಗಳೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ಅವಳ ಸೀರೆಯ ಘಾಟಿಗೇ ನನಗೆ ಸೀನು.

“ಏನ್ರಿ ಸರ ಇದು?”

“ಏನೂ ಅಲ್ಲ ಬಿಡವಾ.”

ಅವಳು ನಗಲಿಲ್ಲ. ಬಹಳ ಹೊತ್ತು ನೋಡಿದಳು. “ಆ ಬಿಳಿಚಿದ್ದು ತಗೀರಿ. ಒಂದ ಬಿಳಿಕಾಯಿ ಇದ್ರ ಇಡೀ ರಾಶಿ ಮಂಕ ಕಾಣತೈತಿ” ಎಂದವಳೇ, ನಾನು ತಡೆಯುವ ಮೊದಲೇ ಹೆಬ್ಬೆರಳಿನಿಂದ ಕೆಂಪನ್ನು ಹಳದಿಯ ಮೇಲೆ ಎಳೆದುಬಿಟ್ಟಳು.

ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದವ ಹಾಳೆ ನೋಡಿದೆ. ಕೆಂಪು ಈಗ ಉರಿಯುತ್ತಿತ್ತು.

ಮಕ್ಕಳ ಹಾಳೆಗೆ ನಾನೂ ಇಷ್ಟು ವರ್ಷ ಹೀಗೇ, ಕೇಳದೆ ಕೈಹಾಕಿ ತಿದ್ದಿದ್ದೇನೆ. ಒಂದಾದರೂ ಚಂದ ಆಗಿದ್ದು ನೆನಪಿಲ್ಲ.